ನಗಿಸುವ ನಾಟಕದಲ್ಲಿ ಶಬ್ದ ನಗಬಾರದು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುವ ನಾಟಕ ವಿಮರ್ಶೆಯನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ವಾರದ್ದನ್ನೂ ಓದಿದೆ. ಅಜ್ಜನ ಹೆಣ ನಡುಮನೆಯಲ್ಲಿದೆ, ಮೂವರು ಮಕ್ಕಳು ಸೈಟಿನ ಪತ್ರ ಎಲ್ಲಿ ಅಂತ ಬೀರು ಹುಡುಕುತ್ತಿದ್ದಾರೆ, ಅಂಥ ನಾಟಕ. ಸಾವು ನೋವನ್ನೇ ಇಟ್ಟುಕೊಂಡು ನಗಿಸುವುದಕ್ಕೆ ಬ್ಲ್ಯಾಕ್ ಕಾಮಿಡಿ ಅನ್ನುತ್ತಾರಲ್ಲ, ಆ ಥರದ್ದು. ವಿಮರ್ಶೆ ಚೆನ್ನಾಗಿತ್ತು. ನಟರ ಬಗ್ಗೆ ಎರಡು ಪ್ಯಾರಾ, ರಂಗಸಜ್ಜಿಕೆ ಬಗ್ಗೆ ಒಂದು ಪ್ಯಾರಾ, ಬೆಳಕಿನ ಬಗ್ಗೆ ಮೂರು ಸಾಲು. ಕೊನೆಯಲ್ಲಿ ಶಬ್ದದ ಬಗ್ಗೆ ಎರಡೇ ಪದ: ಸಂಗೀತ ಪೂರಕವಾಗಿತ್ತು.

ಆ ಎರಡು ಪದ ಓದಿ ಬೇಜಾರಾಯಿತು. ಅದಕ್ಕೇ ಈ ಪತ್ರ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ. ನಾನು 16 ವರ್ಷದಿಂದ ಹವ್ಯಾಸಿ ತಂಡಗಳಿಗೆ ಸೌಂಡ್ ಮಾಡುತ್ತಿದ್ದೇನೆ. ಹಗಲು ಬೇರೆ ಕೆಲಸ, ಸಂಜೆ ತಾಲೀಮು. ಆ ನಾಟಕಕ್ಕೂ ನನಗೂ ಯಾವ ಸಂಬಂಧವೂ ಇಲ್ಲ, ಆ ತಂಡದಲ್ಲಿ ನನಗೆ ಪರಿಚಯದವರೂ ಇಲ್ಲ. ಟಿಕೆಟ್ ತಗೊಂಡು ಹೋಗಿ ನೋಡಿ ಬಂದವನು. ಹಾಗೆ ನೋಡಿದರೆ ಆ ನಾಟಕದಲ್ಲಿ ಸಂಗೀತ ಅನ್ನುವಂಥದ್ದು ಇದ್ದದ್ದೇ ಕಡಿಮೆ. ಇದ್ದದ್ದು ಶಬ್ದ. ಅದರಲ್ಲೂ ಒಂದು ಶಬ್ದ ಇಡೀ ನಾಟಕವನ್ನು ಹೊತ್ತುಕೊಂಡಿತ್ತು.

ಹೆಣ ಇರುವ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಪಕ್ಕದ ಮನೆಯವರು ಫ್ಲಾಸ್ಕಿನಲ್ಲಿ ಕಾಫಿ ತಂದುಕೊಡುತ್ತಾರೆ, ಅಷ್ಟೇ. ಈ ನಾಟಕದಲ್ಲಿ ಎರಡನೇ ಮಗ ಅಪ್ಪನ ತಲೆ ಹತ್ತಿರ ಕೂತು, ಅಪ್ಪ ನಮಗೋಸ್ಕರ ಎಷ್ಟು ಉಪವಾಸ ಇದ್ದರು ಅಂತ ಹೇಳಿಕೊಂಡು ಅಳುತ್ತಿರುತ್ತಾನೆ. ಆಗ ಒಳಗಡೆ ಕುಕ್ಕರ್ ಕೂಗುತ್ತದೆ. ಒಂದೇ ಸಲ. ರಂಗದ ಮೇಲಿದ್ದವರೆಲ್ಲ ಇದ್ದಲ್ಲೇ ನಿಂತುಬಿಡುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆಮೇಲೆ ಏನೂ ಆಗಿಲ್ಲ ಅನ್ನುವ ಹಾಗೆ ಅವನು ಅಳು ಮುಂದುವರಿಸುತ್ತಾನೆ. ಸಭಾಂಗಣದಲ್ಲಿ ನಗು ತಡೆಯಲು ಆಗಲಿಲ್ಲ, ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು.

ಎರಡನೇ ಕೂಗು ಬಂದಾಗ ದೊಡ್ಡ ಮಗನ ಕೈಗೆ ಸೈಟಿನ ಪತ್ರ ಸಿಕ್ಕಿರುತ್ತದೆ. ಈ ಸಲ ನಗು ಸ್ವಲ್ಪ ಕಡಿಮೆ. ಅನ್ನಕ್ಕೆ ಮೂರು ವಿಷಲ್ ಅಂತ ಎಷ್ಟೋ ಮನೆಗಳಲ್ಲಿ ಲೆಕ್ಕ ಇದೆ ಅಲ್ವಾ? ನಮ್ಮೆಲ್ಲರ ಕಿವಿ ಮೂರನೇ ಕೂಗಿಗೆ ಕಾಯಲು ಶುರು ಮಾಡಿತು. ಅದು ಬರಲಿಲ್ಲ. ಜಗಳ ಆಯಿತು, ಬಾಗಿಲು ದಬ್ಬಿ ಹಾಕಿದ್ದಾಯಿತು, ಒಬ್ಬೊಬ್ಬರೇ ಹೊರಗೆ ಹೋದರು. ರಂಗದ ಮೇಲೆ ಅಜ್ಜನ ಹೆಣ, ತಲೆ ಹತ್ತಿರ ದೀಪ. ಆಗ ಕೂಗಿತು ಮೂರನೇದು. ಕೂಗಿನ ಬಾಲದಲ್ಲಿ ಆವಿ ಸುಯ್ ಅಂತ ಇಳಿಯುವುದೂ ಕೇಳಿಸಿತು. ಒಬ್ಬರೂ ನಗಲಿಲ್ಲ. ನನಗೆ ಮೈ ಜುಮ್ ಅಂದಿತು.

ನಿಮ್ಮ ವಿಮರ್ಶಕರು ಕೊನೆಯ ದೃಶ್ಯದ ಮೌನ ಕಾಡುವಂತಿತ್ತು ಅಂತ ಬರೆದಿದ್ದಾರೆ. ಆ ಮೌನವನ್ನು ಮಾಡಿದ್ದು ಕುಕ್ಕರು. ಇನ್ನೂ ಸರಿಯಾಗಿ ಹೇಳಬೇಕು ಅಂದರೆ, ಮೂರನೇ ಕೂಗನ್ನು ಅಷ್ಟು ಹೊತ್ತು ಹಿಡಿದಿಟ್ಟುಕೊಂಡ ಒಬ್ಬ ಮನುಷ್ಯ. ಅವರ ಹೆಸರು ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ವಿಮರ್ಶೆಯಲ್ಲಿ ಇರಲಿಲ್ಲ.

ಇದೇ ನಾಟಕದಲ್ಲಿ ಒಂದು ತಪ್ಪೂ ಆಯಿತು, ಅದನ್ನೂ ವಿಮರ್ಶೆ ಬರೆಯಲಿಲ್ಲ. ದೊಡ್ಡ ಮಗ ಕುರ್ಚಿ ಹತ್ತಿ ಅಟ್ಟ ತಡಕುವಾಗ ಕಾಲು ಜಾರಿ ಹೆಣದ ಪಕ್ಕಕ್ಕೇ ಬೀಳುತ್ತಾನೆ. ನಟ ತುಂಬಾ ಚೆನ್ನಾಗಿ ಬಿದ್ದರು, ಅದು ನೋಡಿದರೇ ಸಾಕಿತ್ತು. ಆದರೆ ಅದೇ ಕ್ಷಣಕ್ಕೆ ಸ್ಪೀಕರಿನಿಂದ ಡೊಂಯ್ ಅಂತ ಟಿವಿ ಕಾಮಿಡಿ ಷೋಗಳಲ್ಲಿ ಬರುವಂಥ ಒಂದು ಎಫೆಕ್ಟು ಬಂತು. ಜನ ನಕ್ಕರು, ನಿಜ. ಆದರೆ ಅಲ್ಲಿಯವರೆಗೆ ಆ ಮನೆ ನಿಜವಾದ ಮನೆ ಆಗಿತ್ತು, ಹೆಣ ನಿಜವಾದ ಹೆಣ ಆಗಿತ್ತು. ಡೊಂಯ್ ಅಂದ ತಕ್ಷಣ ಅಲ್ಲಿ ಮಲಗಿದ್ದವರು ಬೆಳಿಗ್ಗೆ ಆಫೀಸಿಗೆ ಹೋಗಿ ಬಂದ ಒಬ್ಬ ನಟ ಅಂತ ನಮಗೆ ನೆನಪಾಗಿಬಿಟ್ಟಿತು. ಮತ್ತೆ ಆ ಮನೆಯೊಳಗೆ ಹೋಗಲು ಐದಾರು ನಿಮಿಷ ಹಿಡಿಯಿತು.

ಅದು ಆ ಸೌಂಡಿನವರ ತಪ್ಪು ಅಂತ ನಾನು ಹೇಳುತ್ತಿಲ್ಲ. ನನ್ನ ಅನುಭವದಲ್ಲಿ ಇದು ಹೆಚ್ಚಾಗಿ ನಿರ್ದೇಶಕರ ಕಡೆಯಿಂದ ಬರುತ್ತದೆ. ಪ್ರದರ್ಶನಕ್ಕೆ ಮೂರು ದಿನ ಇರುವಾಗ ಫೋನ್ ಬರುತ್ತದೆ, ಬನ್ನಿ ಒಂದು ರನ್ ನೋಡಿ, ಅಲ್ಲಲ್ಲಿ ಕಾಮಿಡಿ ಮ್ಯೂಸಿಕ್ ಹಾಕಿ ಅಂತ. ಎಲ್ಲಿ ಹಾಕಬೇಕು ಅಂತ ಕೇಳಿದರೆ, ಜನ ನಗಬೇಕಾದ ಕಡೆ ಎಲ್ಲ ಹಾಕಿ ಅನ್ನುತ್ತಾರೆ. ಅವರಿಗೆ ಭಯ ಇರುತ್ತದೆ. ಸಾವಿನ ಮನೆ, ಕೊಲೆ, ನೇಣು ಇಂಥದ್ದನ್ನು ನೋಡಿ ಜನ ನಗುತ್ತಾರೋ ಇಲ್ಲವೋ ಅನ್ನುವ ಭಯ. ಅದಕ್ಕೆ ಶಬ್ದದ ಕೈಲಿ ನಗಲು ಅಪ್ಪಣೆ ಕೊಡಿಸುತ್ತಾರೆ. ನಾನು ಹೇಳುವುದು ಒಂದೇ ಮಾತು. ಇಂಥ ನಾಟಕದಲ್ಲಿ ನಟರು ನಗಿಸಬಹುದು, ಮಾತು ನಗಿಸಬಹುದು, ಶಬ್ದ ಮಾತ್ರ ನಗಬಾರದು. ಅದು ಕುಕ್ಕರಾದರೆ ಕುಕ್ಕರಿನ ಹಾಗೇ ಇರಬೇಕು. ತಾನು ತಮಾಷೆ ಅಂತ ಆ ಕುಕ್ಕರಿಗೆ ಗೊತ್ತಿರಬಾರದು.

ನಮ್ಮ ಕಂಪನಿ ನಾಟಕಗಳಲ್ಲಿ ಹಾಗಿರಲಿಲ್ಲವಲ್ಲ ಅಂತ ಹಿರಿಯರು ಕೇಳಬಹುದು. ಸರಿಯಾದ ಪ್ರಶ್ನೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲದಿಂದಲೂ ರಂಗದ ಮುಂದೆ ಹಾರ್ಮೋನಿಯಂ ಮಾಸ್ತರು, ತಬಲದವರು ಕೂತಿರುತ್ತಿದ್ದರು. ಹಾಸ್ಯಗಾರ ಎಡವಿದರೆ ತಬಲ ಏಟು, ತಿರುಗಿ ನೋಡಿದರೆ ಹಾರ್ಮೋನಿಯಂನಲ್ಲಿ ಒಂದು ಸ್ವರ. ನನ್ನ ತಾತ ಇದನ್ನು ಹೇಳುವಾಗ ಕೈಯಲ್ಲಿ ತೊಡೆ ತಟ್ಟಿ ತೋರಿಸುತ್ತಿದ್ದರು. ಅದು ಬಹಳ ದೊಡ್ಡ ವಿದ್ಯೆ, ನಟನ ಕಾಲು ನೋಡಿಕೊಂಡು ಆ ಕ್ಷಣಕ್ಕೆ ಬಾರಿಸಬೇಕು. ಆದರೆ ಅಲ್ಲಿ ಮಾಸ್ತರು ಎಲ್ಲರಿಗೂ ಕಾಣುತ್ತಿದ್ದರು. ಇದು ಆಟ, ನಾವೆಲ್ಲ ಸೇರಿ ಆಡುತ್ತಿದ್ದೇವೆ ಅಂತ ಮೊದಲೇ ಒಪ್ಪಿಕೊಂಡ ರಂಗ ಅದು. ನಡುಮನೆ, ಬೀರು, ಹೆಣ ಎಲ್ಲವನ್ನೂ ನಿಜದಂತೆ ಕಟ್ಟಿಟ್ಟು, ಕಾಣದ ಸ್ಪೀಕರಿನಿಂದ ಡೊಂಯ್ ಅನ್ನಿಸಿದರೆ ಅದು ಬೇರೆಯೇ ಆಗುತ್ತದೆ.

ನಾನು ಇದನ್ನು ಕಲಿತದ್ದು ಹೆರಾಲ್ಡ್ ಪಿಂಟರ್ ಅವರ 'ದಿ ಡಂಬ್ ವೇಟರ್' ನಾಟಕ ಮಾಡುವಾಗ. 1957ರಲ್ಲಿ ಬರೆದದ್ದು, ಲಂಡನ್ನಿನಲ್ಲಿ ರಂಗಕ್ಕೆ ಬಂದದ್ದು 1960ರಲ್ಲಿ. ನಮ್ಮ ತಂಡ ಅದನ್ನು ಕನ್ನಡ ಮಾಡಿಕೊಂಡು ಆಡಿತು. ಬರ್ಮಿಂಗ್‌ಹ್ಯಾಮಿನ ಒಂದು ನೆಲಮಾಳಿಗೆ. ಬೆನ್, ಗಸ್ ಅಂತ ಇಬ್ಬರು ಸುಪಾರಿ ಕೊಲೆಗಾರರು. ಇವತ್ತು ಯಾರನ್ನು ಕೊಲ್ಲಬೇಕು ಅನ್ನುವ ಸುದ್ದಿಗೆ ಕಾಯುತ್ತಾ ಕೂತಿದ್ದಾರೆ. ಹಿಂದಿನ ಗೋಡೆಯಲ್ಲಿ ಊಟ ಇಳಿಸುವ ಪೆಟ್ಟಿಗೆಯ ಕಿಂಡಿ ಇದೆ, ಮೇಲೊಂದು ಹೋಟೆಲ್ ಇದ್ದಿರಬೇಕು. ಇದ್ದಕ್ಕಿದ್ದ ಹಾಗೆ ಆ ಪೆಟ್ಟಿಗೆ ಧಡಾರ್ ಅಂತ ಕೆಳಗೆ ಬರುತ್ತದೆ. ಒಳಗೆ ಒಂದು ಚೀಟಿ, ಇಂತಿಂಥ ತಿಂಡಿ ಕಳಿಸಿ ಅಂತ. ಇವರ ಹತ್ತಿರ ಅಡುಗೆಯೂ ಇಲ್ಲ, ಗ್ಯಾಸೂ ಇಲ್ಲ. ಆದರೂ ಹೆದರಿ, ತಮ್ಮ ಚೀಲದಲ್ಲಿದ್ದ ಬಿಸ್ಕತ್ತು, ಚಾಕೊಲೇಟು, ಹಾಲಿನ ಬಾಟಲಿ ಎಲ್ಲ ಮೇಲೆ ಕಳಿಸುತ್ತಾರೆ. ಮತ್ತೆ ಪೆಟ್ಟಿಗೆ ಬರುತ್ತದೆ, ಇನ್ನೂ ಕಷ್ಟದ ತಿಂಡಿ ಕೇಳುತ್ತದೆ. ಮೇಲೆ ಯಾರಿದ್ದಾರೆ ಅಂತ ಕೊನೆವರೆಗೂ ಕಾಣುವುದಿಲ್ಲ. ಮೂರನೇ ಪಾತ್ರ ಅಂದರೆ ಆ ಶಬ್ದವೇ.

ಅದರಲ್ಲಿ ಇನ್ನೊಂದು ಶಬ್ದ ಇದೆ, ಸಂಡಾಸಿನ ಫ್ಲಶ್ಶು. ನಾಟಕ ಶುರುವಿನಲ್ಲೇ ಗಸ್ ಎಡಗಡೆ ಬಾಗಿಲಿಂದ ಒಳಗೆ ಹೋಗುತ್ತಾನೆ, ಸರಪಳಿ ಎರಡು ಸಲ ಎಳೆದದ್ದು ಕೇಳುತ್ತದೆ, ನೀರು ಬರುವುದಿಲ್ಲ. ಅವನು ವಾಪಸ್ ಬಂದು ಮಾತಾಡುತ್ತಿರುತ್ತಾನೆ. ಎಷ್ಟೋ ಹೊತ್ತಾದ ಮೇಲೆ ತನ್ನಷ್ಟಕ್ಕೆ ಭರ್ರ್ ಅಂತ ನೀರು ಸುರಿಯುತ್ತದೆ.

ಮೊದಲು ನಾನು ಇಂಟರ್‌ನೆಟ್ಟಿನಿಂದ ಒಂದು ಫ್ಲಶ್ ಇಳಿಸಿಕೊಂಡು ಹಾಕಿದೆ. ತಾಲೀಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಖುಷಿಯಾಯಿತು. ಎರಡು ದಿನ ಕೇಳಿದ ಮೇಲೆ ಏನೋ ಸರಿ ಇಲ್ಲ ಅನಿಸಿತು. ಆ ಶಬ್ದ ಜೋರಾಗಿತ್ತು, ಚೊಕ್ಕವಾಗಿತ್ತು, ಟೈಲ್ಸ್ ಹಾಕಿದ ಹೊಸ ಬಾತ್‌ರೂಮಿನದ್ದು ಅಂತ ಕೇಳಿದರೇ ಗೊತ್ತಾಗುತ್ತಿತ್ತು. ಆ ನೆಲಮಾಳಿಗೆಗೆ ಅದು ಸೇರಿದ್ದಲ್ಲ. ಆಮೇಲೆ ಒಂದು ಹಳೇ ಬಂಗಲೆಯಲ್ಲಿ ಗೋಡೆಯ ಮೇಲೆ ಕೂರಿಸಿದ ಕಬ್ಬಿಣದ ಟ್ಯಾಂಕು, ತೂಗುವ ಸರಪಳಿ ಇನ್ನೂ ಇದೆ ಅಂತ ಯಾರೋ ಹೇಳಿದರು. ಬಂಗಲೆ ನೋಡಿಕೊಳ್ಳುವ ಮೇಟಿಯನ್ನು ಕೇಳಿಕೊಂಡು, ರೆಕಾರ್ಡರ್ ಹಿಡಿದು ರಾತ್ರಿ 11ರ ಮೇಲೆ ಹೋದೆ, ರಸ್ತೆ ಗಲಾಟೆ ಇಲ್ಲದ ಹೊತ್ತು. ಸರಪಳಿ ಎಳೆಯುವುದು, ಖಾಲಿ ಎಳೆಯುವುದು, ನೀರು ಬೀಳುವುದು, ಟ್ಯಾಂಕು ಮತ್ತೆ ತುಂಬುವಾಗ ಕೊಳವೆ ನರಳುವುದು, ಎಲ್ಲ ಬೇರೆ ಬೇರೆ ಹಿಡಿದುಕೊಂಡು ಬಂದೆ. ಆ ನರಳುವಿಕೆ ನಮ್ಮ ನಾಟಕಕ್ಕೆ ಬಹಳ ಕೆಲಸಕ್ಕೆ ಬಂತು.

ಇನ್ನು ಶಬ್ದ ಎಲ್ಲಿಂದ ಬರಬೇಕು ಅನ್ನುವುದು. ಸಾಮಾನ್ಯವಾಗಿ ರಂಗದ ಮುಂದೆ ಎಡಬಲ ಎರಡು ದೊಡ್ಡ ಸ್ಪೀಕರ್ ಇರುತ್ತವೆ, ಎಲ್ಲವನ್ನೂ ಅದಕ್ಕೇ ಬಿಡುತ್ತೇವೆ. ಹಾಗೆ ಬಿಟ್ಟರೆ ಸಂಡಾಸು ಪ್ರೇಕ್ಷಕರ ಪಕ್ಕದಲ್ಲೇ ಇದ್ದ ಹಾಗೆ. ನಾನು ಎಡಗಡೆ ವಿಂಗಿನ, ಅಂದರೆ ರಂಗದ ಪಕ್ಕದ ಪರದೆಯ ಹಿಂದೆ, ಬಾಗಿಲಿನ ಆಚೆ, ಒಂದು ಖಾಲಿ ತಗಡಿನ ಡ್ರಮ್ಮಿನೊಳಗೆ ಸಣ್ಣ ಸ್ಪೀಕರ್ ಇಟ್ಟೆ. ಅದಷ್ಟೇ ಆದರೆ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಆದ್ದರಿಂದ ದೊಡ್ಡ ಸ್ಪೀಕರಿಗೂ ಸ್ವಲ್ಪ ಕೊಡಬೇಕು. ಇಲ್ಲೊಂದು ವಿಷಯ ಇದೆ. ಒಂದೇ ಶಬ್ದ ಎರಡು ಕಡೆಯಿಂದ ಬಂದರೆ, ಯಾವುದು ಕಿವಿಗೆ ಮೊದಲು ಮುಟ್ಟುತ್ತದೋ ಶಬ್ದ ಅಲ್ಲಿಂದಲೇ ಬಂತು ಅಂತ ನಮ್ಮ ತಲೆ ತೀರ್ಮಾನ ಮಾಡುತ್ತದೆ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ನನ್ನ ಡ್ರಮ್ಮು ದೊಡ್ಡ ಸ್ಪೀಕರಿಗಿಂತ 6 ಮೀಟರ್ ಹಿಂದಿತ್ತು, ಅಂದರೆ ಸುಮಾರು 18 ಮಿಲಿಸೆಕೆಂಡ್ ತಡ. ಹಾಗಾಗಿ ಮಿಕ್ಸರಿನಲ್ಲಿ ದೊಡ್ಡ ಸ್ಪೀಕರನ್ನು 30 ಮಿಲಿಸೆಕೆಂಡ್ ಹಿಂದಕ್ಕೆ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟೆ. ಪ್ರದರ್ಶನದ ದಿನ ಫ್ಲಶ್ ಆದಾಗ ಕೊನೆಯ ಸಾಲಿನವರೂ ಆ ಬಾಗಿಲಿನ ಕಡೆ ತಲೆ ತಿರುಗಿಸಿದರು. ಅದನ್ನು ನೋಡಿ ನನಗಾದ ಸಂತೋಷ ಬರೆಯಲು ಬರುವುದಿಲ್ಲ.

ಪೆಟ್ಟಿಗೆಗೆ ಮಾತ್ರ ನಾನು ರೆಕಾರ್ಡಿಂಗ್ ಬಳಸಲಿಲ್ಲ. ಮರದ ಪೆಟ್ಟಿಗೆ, ಬಾವಿಯ ಹಳೇ ರಾಟೆ, ಹಗ್ಗ, ಕೆಳಗೆ ಮರಳು ತುಂಬಿದ ಚೀಲದ ಮೇಲೊಂದು ಹಲಗೆ. ಸೆಟ್ಟಿನ ಹಿಂದೆ ನಮ್ಮ ಹುಡುಗ ನಿಂತು ಬಿಡುತ್ತಿದ್ದ. ಯಾಕೆಂದರೆ ನಗು ಪ್ರತಿ ದಿನ ಒಂದೇ ಥರ ಇರುವುದಿಲ್ಲ. ಒಂದೂರಲ್ಲಿ ಜೋರು, ಇನ್ನೊಂದೂರಲ್ಲಿ ಕಿಸಕ್ ಅಂತ ಸುಮ್ಮನಾಗುತ್ತಾರೆ. ನಗು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ತುದಿಯಲ್ಲಿರುವಾಗ ಶಬ್ದ ಬಿಟ್ಟರೆ ಯಾರಿಗೂ ಕೇಳುವುದಿಲ್ಲ, ಹಾಳಾಗುತ್ತದೆ. ಇಳಿಯುತ್ತಾ ಇರುವಾಗ, ಇನ್ನೂ ಸ್ವಲ್ಪ ಉಳಿದಿರುವಾಗ ಬಿಟ್ಟರೆ ಆ ನಗುವಿನ ಮೇಲೆ ಇನ್ನೊಂದು ನಗು ಹತ್ತುತ್ತದೆ. ಪೂರ್ತಿ ಇಳಿದು, ಜನ ಕುರ್ಚಿಯಲ್ಲಿ ಸರಿಯಾಗಿ ಕೂತು, ಒಂದು ಉಸಿರು ತಗೊಂಡ ಮೇಲೆ ಬಿಟ್ಟರೆ ಅದೇ ಪೆಟ್ಟಿಗೆ ಭಯ ಹುಟ್ಟಿಸುತ್ತದೆ. ಶಬ್ದ ಒಂದೇ, ಹಗ್ಗ ಬಿಡುವ ಗಳಿಗೆ ಬೇರೆ. ಮೊದಲ ಎರಡು ಸಲ ನಗುವಿಗೆ, ಆಮೇಲಿನದ್ದೆಲ್ಲ ಭಯಕ್ಕೆ ಅಂತ ನಾವು ಮಾತಾಡಿಕೊಂಡಿದ್ದೆವು. ಈ ಲೆಕ್ಕ ಆ ಹುಡುಗನ ಕೈಗೆ ಬರಲು ಒಂದು ತಿಂಗಳು ಬೇಕಾಯಿತು, ಪ್ರದರ್ಶನಕ್ಕೆ ಮೂರು ದಿನ ಇರುವಾಗ ಕರೆದಿದ್ದರೆ ಬರುತ್ತಲೇ ಇರಲಿಲ್ಲ. ಸೌಂಡಿನವರನ್ನು ತಾಲೀಮಿನ ಮೊದಲ ವಾರದಿಂದಲೇ ಕೂರಿಸಿಕೊಳ್ಳಿ ಅಂತ ನಾನು ಎಲ್ಲ ನಿರ್ದೇಶಕರನ್ನೂ ಬೇಡಿಕೊಳ್ಳುವುದು ಇದಕ್ಕೇ.

ಕೊನೆಯ ದೃಶ್ಯಕ್ಕೆ ನನಗೂ ನಮ್ಮ ನಿರ್ದೇಶಕರಿಗೂ ದೊಡ್ಡ ವಾದ ಆಯಿತು. ಗಸ್ ನೀರು ಕುಡಿದು ಬರುತ್ತೇನೆ ಅಂತ ಎಡಗಡೆ ಹೋಗಿರುತ್ತಾನೆ. ಬೆನ್‌ಗೆ ಮೇಲಿಂದ ಅಪ್ಪಣೆ ಬರುತ್ತದೆ, ಈಗ ಬಾಗಿಲಿಂದ ಬರುವವನನ್ನು ಕೊಲ್ಲಬೇಕು. ಎಡಗಡೆ ಫ್ಲಶ್ ಆಗುತ್ತದೆ. ಆದರೆ ಬಾಗಿಲು ತೆರೆಯುವುದು ಬಲಗಡೆ, ಒಳಗೆ ಎಡವಿಕೊಂಡು ಬರುವುದು ಗಸ್, ಮೈಮೇಲೆ ಕೋಟಿಲ್ಲ, ಕೈಯಲ್ಲಿ ಪಿಸ್ತೂಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ನಿಲ್ಲುತ್ತಾರೆ. ಅಲ್ಲಿಗೆ ಪರದೆ. ಗುಂಡಿನ ಶಬ್ದ ಇಲ್ಲ, ನಾಟಕಕಾರರು ಬರೆದದ್ದು ದೀರ್ಘ ಮೌನ. ನಮ್ಮ ನಿರ್ದೇಶಕರಿಗೆ ಬ್ಲ್ಯಾಕ್‌ಔಟ್ ಜೊತೆ ಒಂದು ಗುಂಡು ಬೇಕಿತ್ತು, ಫ್ಲಶ್ಶಿಗೂ ಸ್ವಲ್ಪ ಎಕೋ ಹಾಕಿ ದೊಡ್ಡದು ಮಾಡಿ ಅಂದರು. ನಾನು ಒಪ್ಪಲಿಲ್ಲ. ಶುರುವಿನಲ್ಲಿ ಜನ ನಕ್ಕ ಅದೇ ಫ್ಲಶ್ಶು, ಅದೇ ಡ್ರಮ್ಮು, ಅದೇ ವಾಲ್ಯೂಮು ಇರಬೇಕು ಅಂತ ಹಟ ಹಿಡಿದೆ. ಮನೆಗೆ ಹೋಗಿ ಊಟ ಸೇರಲಿಲ್ಲ. ಮರುದಿನ ಎರಡೂ ಥರ ಮಾಡಿ, ನಾಟಕ ನೋಡಿರದ ನಾಲ್ಕು ಜನರನ್ನು ಕೂರಿಸಿ ತೋರಿಸಿದೆವು. ಗುಂಡು ಹಾರಿಸಿದಾಗ ಅವರು ಚಪ್ಪಾಳೆ ತಟ್ಟಿದರು. ಹಾರಿಸದಿದ್ದಾಗ ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ, ಒಬ್ಬರು ಮೆಲ್ಲಗೆ, ಹಾಗಾದರೆ ಕೊಂದನಾ ಅಂತ ಕೇಳಿದರು. ನಿರ್ದೇಶಕರು ನನ್ನ ಕಡೆ ನೋಡಿ ತಲೆ ಆಡಿಸಿದರು.

ಇದೇನೂ ಹೊಸ ವಿಷಯ ಅಲ್ಲ. 'ಮ್ಯಾಕ್‌ಬೆತ್'ನಲ್ಲಿ ರಾಜನ ಕೊಲೆ ಆದ ತಕ್ಷಣ ಕೋಟೆಯ ಬಾಗಿಲು ಬಡಿಯುವ ಶಬ್ದ ಇದೆ. ಗಂಡ ಹೆಂಡತಿ ರಕ್ತದ ಕೈಯಲ್ಲಿ ನಿಂತಿದ್ದಾರೆ, ಬಡಿತ ಕೇಳುತ್ತಿದೆ. ಆಮೇಲೆ ಬರುವವನು ಕುಡಿದ ಕಾವಲುಗಾರ, ತಾನು ನರಕದ ಬಾಗಿಲು ಕಾಯುವವನು ಅಂತ ಹಾಸ್ಯ ಮಾಡಿಕೊಂಡು ನಿಧಾನಕ್ಕೆ ಬರುತ್ತಾನೆ. ಬಡಿತ ನಿಲ್ಲುವುದಿಲ್ಲ. ಹಾಸ್ಯವೂ ಭಯವೂ ಒಂದೇ ಬಡಿತದ ಮೇಲೆ ನಡೆಯುತ್ತವೆ. ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ 1823ರಲ್ಲಿ ಈ ಒಂದು ಬಡಿತದ ಮೇಲೆಯೇ ಪ್ರಬಂಧ ಬರೆದರು. ಕನ್ನಡಕ್ಕೆ ಡಿ.ವಿ. ಗುಂಡಪ್ಪನವರೇ ಈ ನಾಟಕವನ್ನು ತಂದಿದ್ದಾರೆ. ಇದನ್ನು ಆಡುವವರು ದಯವಿಟ್ಟು ಆ ಬಡಿತವನ್ನು ಲ್ಯಾಪ್‌ಟಾಪಿನಿಂದ ಬಿಡಬೇಡಿ. ದಪ್ಪ ಮರದ ಬಾಗಿಲಿಗೆ ಮನುಷ್ಯನ ಮುಷ್ಟಿಯೇ ಬೀಳಬೇಕು, ಅದು ಕಾಲಿನ ಕೆಳಗಿನ ಹಲಗೆಗೂ ಮುಟ್ಟುತ್ತದೆ.

ನಮ್ಮಲ್ಲೇ ಇನ್ನೂ ದೊಡ್ಡ ಉದಾಹರಣೆ ಇದೆ. ಧಾರವಾಡದ ಜಿ.ಬಿ. ಜೋಶಿಯವರು, ಅಂದರೆ ಜಡಭರತರು, ಬರೆದ 'ಸತ್ತವರ ನೆರಳು'. ಮಠದ ಒಳಗಿನ ಅಧಿಕಾರದ ಆಟವನ್ನು ತೋರಿಸುವ ನಾಟಕ. ಬಿ.ವಿ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನು ಹಾಕಿದರು. ನಾನು ಅದನ್ನು ನೋಡಿದಾಗ ನನಗಿನ್ನೂ ಸೌಂಡ್ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಒಂದು ಮನಸ್ಸಿಗೆ ಹತ್ತಿತು. ಆ ಪದಗಳನ್ನು ಹಾಡುವವರು ಎಲ್ಲೂ ಅಣಕಿಸುವುದಿಲ್ಲ, ಮನೆಯಲ್ಲಿ ಭಜನೆ ಮಾಡುವಷ್ಟೇ ಭಕ್ತಿಯಿಂದ ಹಾಡುತ್ತಾರೆ. ಅದರ ಎದುರಿಗೆ ನಡೆಯುವ ವ್ಯವಹಾರ ನೋಡಿ ನಗು ಬರುತ್ತದೆ, ನಕ್ಕ ಮೇಲೆ ಎದೆ ಚುಳುಕ್ ಅನ್ನುತ್ತದೆ. ಹಾಡುವವರು ಒಂದು ಸ್ವರ ವಕ್ರ ಮಾಡಿದ್ದರೂ ಎಲ್ಲ ಕೆಟ್ಟುಹೋಗುತ್ತಿತ್ತು ಅಂತ ಈಗ ಅನಿಸುತ್ತದೆ.

ಇನ್ನು ರಂಗಮಂದಿರಗಳ ಮಾತು. ಬೆಂಗಳೂರಿನ ರಂಗಶಂಕರದಲ್ಲಿ 2004ರಿಂದಲೂ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಮೊದಮೊದಲು ನನಗೂ ಇದು ಜಾಸ್ತಿ ಆಯಿತು ಅನಿಸಿತ್ತು. ಒಂದು ಊರಿನ ರಂಗಮಂದಿರದಲ್ಲಿ ನಮ್ಮ ನಾಟಕದ ಆ ಕೊನೆಯ ಮೌನದ ಹೊತ್ತಿಗೆ ಸರಿಯಾಗಿ ಹಿಂದಿನ ಬಾಗಿಲು ಕಿರ್ರ್ ಅಂತ ತೆಗೆದು ಮೂರು ಜನ ಮಾತಾಡಿಕೊಂಡು ಒಳಗೆ ಬಂದರು ನೋಡಿ, ಆವತ್ತಿಂದ ಆ ನಿಯಮಕ್ಕೆ ಕೈ ಮುಗಿಯುತ್ತೇನೆ. ಅದೇ ಮಂದಿರದಲ್ಲಿ ಫ್ಯಾನುಗಳು ಕಟಕಟ ಅನ್ನುತ್ತಿದ್ದವು, ಏಪ್ರಿಲ್ ತಿಂಗಳು, ಆಫ್ ಮಾಡಿಸಲೂ ಆಗಲ್ಲ. ಜನರೇಟರ್ ಗ್ರೀನ್‌ರೂಮಿನ ಕಿಟಕಿ ಪಕ್ಕದಲ್ಲೇ. ಬೆಳಿಗ್ಗೆಯಿಂದ ಮಂದಿರ ಕೊಡುತ್ತೇವೆ ಅಂದವರು ಕೊಟ್ಟದ್ದು ಮಧ್ಯಾಹ್ನ 3ಕ್ಕೆ, ಅಷ್ಟರಲ್ಲಿ ಸೆಟ್ಟು, ಲೈಟು ಆಗಬೇಕು, ಸೌಂಡ್ ನೋಡಲು ಉಳಿದದ್ದು 20 ನಿಮಿಷ. 1985ರಿಂದ ಊರೂರು ಸುತ್ತುತ್ತಿರುವ ನೀನಾಸಂ ತಿರುಗಾಟದಂಥ ತಂಡದವರಿಗೆ ಪ್ರತಿ ಊರಲ್ಲೂ ಹೊಸ ಗೋಡೆ, ಹೊಸ ಪ್ರತಿಧ್ವನಿ. ಅವರ ಶ್ರಮ ನನಗೆ ಅರ್ಥವಾಗುತ್ತದೆ. ಬಾಗಿಲಿನ ಕೀಲಿಗೆ ಎಣ್ಣೆ ಬಿಡುವುದು, ಜನರೇಟರನ್ನು 30 ಅಡಿ ದೂರ ಇಡುವುದು, ಇದಕ್ಕೆ ದೊಡ್ಡ ಬಜೆಟ್ ಬೇಕಿಲ್ಲವಲ್ಲ?

ಹೊಸದಾಗಿ ಸೌಂಡ್ ಮಾಡುವ ಹುಡುಗರಿಗೂ ಒಂದು ಮಾತು. ಷೋ ಓಡಿಸುವ ಲ್ಯಾಪ್‌ಟಾಪಿನಲ್ಲಿ ವೈಫೈ ಆಫ್ ಇರಲಿ, ಮೆಸೇಜ್ ಶಬ್ದಗಳೆಲ್ಲ ಬಂದ್ ಇರಲಿ. ಬೆನ್ ಪಿಸ್ತೂಲು ಎತ್ತಿದಾಗ ಸ್ಪೀಕರಿನಲ್ಲಿ ವಾಟ್ಸ್‌ಆಪ್ ಟಿಣ್ ಅಂದರೆ ಎರಡು ತಿಂಗಳ ಕೆಲಸ ಹೋಯಿತು ಅಂತಲೇ. ಕ್ಯೂಗಳನ್ನು, ಅಂದರೆ ಯಾವ ಗಳಿಗೆಗೆ ಯಾವ ಶಬ್ದ ಅನ್ನುವುದನ್ನು ಓಡಿಸಲು ಕ್ಯೂಲ್ಯಾಬ್ ಅನ್ನುವ ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ ಮ್ಯಾಕ್ ಬೇಕು. ಲಿನಕ್ಸ್ ಷೋ ಪ್ಲೇಯರ್ ಪುಕ್ಕಟೆ ಸಿಗುತ್ತದೆ. ಯಾವುದೂ ಇಲ್ಲದಿದ್ದರೂ ಚಿಂತೆ ಇಲ್ಲ, ಪೆನ್ಸಿಲ್, ಸ್ಕ್ರಿಪ್ಟು, ತಾಳ್ಮೆ ಇದ್ದರೆ ಆಗುತ್ತದೆ.

ಸಂಪಾದಕರೇ, ಶಬ್ದದ ಕೆಲಸ ಕಣ್ಣಿಗೆ ಬೀಳುವುದಿಲ್ಲ ಅನ್ನುವುದು ನಮ್ಮಲ್ಲಷ್ಟೇ ಇರುವ ಸಮಸ್ಯೆಯೂ ಅಲ್ಲ. ಅಮೆರಿಕದ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯಲ್ಲಿ ಧ್ವನಿ ವಿನ್ಯಾಸಕ್ಕೆ ಜಾಗ ಸಿಕ್ಕಿದ್ದು 2008ರಲ್ಲಿ. 2014ರಲ್ಲಿ ಅದನ್ನು ತೆಗೆದೇ ಹಾಕಿದರು. ಧ್ವನಿಯನ್ನು ಹೇಗೆ ತೂಗಿ ನೋಡಬೇಕು ಅಂತ ಮತ ಹಾಕುವವರಲ್ಲಿ ಬಹಳ ಜನರಿಗೆ ಗೊತ್ತಿಲ್ಲ ಅನ್ನುವ ಮಾತು ಆಗ ಬಂತು. ರಂಗಭೂಮಿಯವರು ಜೋರಾಗಿ ವಿರೋಧ ಮಾಡಿದ ಮೇಲೆ 2018ರಲ್ಲಿ ಮತ್ತೆ ಕೊಡಲು ಶುರು ಮಾಡಿದರು. ನಾನು ಪ್ರಶಸ್ತಿ ಕೇಳುತ್ತಿಲ್ಲ. ವಿಮರ್ಶೆಯಲ್ಲಿ ನಾಲ್ಕು ಸಾಲು ಕೇಳುತ್ತಿದ್ದೇನೆ. ಶಬ್ದ ಎಲ್ಲಿಂದ ಬಂತು, ಯಾವಾಗ ಬಂತು, ಯಾವಾಗ ಬರಲಿಲ್ಲ, ಬಂದಾಗ ಜನ ಏನಾದರು, ಇಷ್ಟು ಬರೆದರೆ ಸಾಕು. ಕೆಟ್ಟದಾಗಿದ್ದರೆ ಕೆಟ್ಟದಾಗಿತ್ತು ಅಂತಲೇ ಬರೆಯಿರಿ, ಆ ಡೊಂಯ್ ಬಗ್ಗೆ ನಿಮ್ಮ ವಿಮರ್ಶಕರು ಒಂದು ಸಾಲು ಬರೆದಿದ್ದರೆ ಮುಂದಿನ ಪ್ರದರ್ಶನದಲ್ಲಿ ಅದು ಇರುತ್ತಿರಲಿಲ್ಲ. ಮತ್ತೆ ನಟರ, ಬೆಳಕಿನವರ ಹೆಸರಿನ ಜೊತೆ ಧ್ವನಿಯವರ ಹೆಸರೂ ಇರಲಿ.

ನಾವು ಆ ಇಬ್ಬರು ಕೊಲೆಗಾರರ ನಾಟಕವನ್ನು ಮುಂದಿನ ತಿಂಗಳು ಮತ್ತೆ ಆಡುತ್ತಿದ್ದೇವೆ. ದಿನಾಂಕ, ಜಾಗವನ್ನು ನಿಮ್ಮ ಕಚೇರಿಗೆ ತಿಳಿಸುತ್ತೇನೆ. ನಿಮ್ಮ ವಿಮರ್ಶಕರನ್ನು ದಯವಿಟ್ಟು ಕಳಿಸಿ. ನಾಟಕ ಶುರುವಾಗುವ ಮೂರನೇ ಗಂಟೆ ಬಾರಿಸುವುದಕ್ಕೆ ಮುಂಚೆ ಬರಲಿ, ಎಡಗಡೆ ನಾಲ್ಕನೇ ಸಾಲಿನಲ್ಲಿ ಕೂರಲಿ. ಟ್ಯಾಂಕು ತುಂಬುವಾಗ ಕೊಳವೆ ನರಳುವುದು ಅಲ್ಲಿಗೆ ಚೆನ್ನಾಗಿ ಕೇಳುತ್ತದೆ.

ಇಂತಿ ನಿಮ್ಮ ಓದುಗ,
ಹವ್ಯಾಸಿ ತಂಡವೊಂದರ ಸೌಂಡಿನವನು,
ಶಿವಮೊಗ್ಗ